ಬುಡಾಪೆಸ್ಟ್‌ಗೆ ತಡವಾಗಿ ಮರಳಿದವರು

ಎಲ್ಲರಿಗೂ ನಮಸ್ಕಾರ. ಹಂಗೇರಿಯ ಹೆಸರಾಂತರ ಬಗ್ಗೆ ಮಾತಾಡಿ ಅಂತ ಕೇಳಿದ್ದೀರಿ. ಪಟ್ಟಿ ಓದುತ್ತಾ ಹೋದರೆ ಈ ಸಂಜೆ ಸಾಲುವುದಿಲ್ಲ. ಒಂದು ಕೋಟಿಗೂ ಕಡಿಮೆ ಜನರಿರುವ ದೇಶ ಅದು. ನಮ್ಮ ಬೆಂಗಳೂರಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಆದರೂ ಸಂಗೀತ, ಫುಟ್ಬಾಲ್, ಈಜು, ಚೆಸ್, ವಿಜ್ಞಾನ, ಎಲ್ಲಿ ನೋಡಿದರೂ ಒಬ್ಬ ಹಂಗೇರಿಯನ್ ಸಿಗುತ್ತಾರೆ. ಹಾಗಾಗಿ ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು ಆ ದೇಶದ ಒಂದು ವಿಚಿತ್ರ ಅಭ್ಯಾಸವನ್ನು ಹಿಡಿದು ಹೋಗುತ್ತೇನೆ. ಹಂಗೇರಿ ತನ್ನ ದೊಡ್ಡವರನ್ನು ಎರಡೆರಡು ಸಲ ಮಣ್ಣು ಮಾಡುತ್ತದೆ.

1989ರ ಜೂನ್ 16. ಬುಡಾಪೆಸ್ಟ್‌ನ ವೀರರ ಚೌಕದಲ್ಲಿ ಆರು ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಒಂದು ಪೆಟ್ಟಿಗೆ ಇಮ್ರೆ ನಾಜ್ ಅವರದು, ನಾಲ್ಕು ಅವರ ಜೊತೆಗಾರರದು. ಆರನೆಯದು ಖಾಲಿ. ಹೆಸರು ಗೊತ್ತಿಲ್ಲದೆ ಸತ್ತ ಬಂಡಾಯಗಾರರಿಗಾಗಿ ಅದನ್ನು ಇಟ್ಟಿದ್ದರು.

ಈ ನಾಜ್ ಯಾರು? ಜೀವನವಿಡೀ ಕಮ್ಯುನಿಸ್ಟ್ ಆಗಿದ್ದವರು. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಸೋವಿಯತ್ ಹಿಡಿತದ ವಿರುದ್ಧ ಬಂಡಾಯ ಎದ್ದಾಗ ಪ್ರಧಾನಿಯಾದರು. ಮೊದಮೊದಲು ಹಿಂದೆಮುಂದೆ ನೋಡಿದರು, ಆಮೇಲೆ ಜನರ ಜೊತೆ ನಿಂತರು. ನವೆಂಬರ್ 1ಕ್ಕೆ ಹಂಗೇರಿ ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಗೆ ಬರುತ್ತದೆ ಅಂದುಬಿಟ್ಟರು. ನವೆಂಬರ್ 4ರ ಬೆಳಗಿನ ಜಾವ ಸೋವಿಯತ್ ಟ್ಯಾಂಕುಗಳು ಊರೊಳಗೆ ನುಗ್ಗಿದವು. ನಾಜ್ ಯುಗೊಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ಏನೂ ಮಾಡುವುದಿಲ್ಲ ಅಂತ ಮಾತು ಕೊಟ್ಟು ಹೊರಗೆ ಕರೆದರು, ಬಾಗಿಲು ದಾಟಿದ ಕೂಡಲೇ ಹಿಡಿದರು. ಗುಟ್ಟಾಗಿ ವಿಚಾರಣೆ ನಡೆಸಿ 1958ರ ಜೂನ್ 16ರಂದು ಗಲ್ಲಿಗೇರಿಸಿದರು. ಹೆಣವನ್ನು ಡಾಂಬರು ಕಾಗದದಲ್ಲಿ ಸುತ್ತಿ, ಕೊನೆಗೆ ಊರಾಚೆಯ ಸ್ಮಶಾನದ 301ನೇ ಭಾಗದಲ್ಲಿ ಮುಖ ಕೆಳಗೆ ಮಾಡಿ ಹೂತರು. ಮೇಲೆ ಕಲ್ಲಿಲ್ಲ, ಹೆಸರಿಲ್ಲ.

ಗಲ್ಲಿಗೇರಿಸಿದ ತಾರೀಕಿಗೆ ಸರಿಯಾಗಿ 31 ವರ್ಷಕ್ಕೆ ಅದೇ ದೇಹವನ್ನು ತೆಗೆದು ಚೌಕಕ್ಕೆ ತಂದರು. ಇನ್ನೊಂದು ಸಂಗತಿ ಕೇಳಿ. ಮೂರು ವಾರದ ನಂತರ, ಜುಲೈ 6ರಂದು, ಸುಪ್ರೀಂ ಕೋರ್ಟ್ ನಾಜ್ ನಿರಪರಾಧಿ ಎಂದು ತೀರ್ಪು ಕೊಟ್ಟಿತು. ನಾಜ್ ನಂತರ 30 ವರ್ಷಕ್ಕೂ ಹೆಚ್ಚು ಕಾಲ ದೇಶ ಆಳಿದ ಯಾನೋಶ್ ಕಾದಾರ್ ಸತ್ತದ್ದೂ ಅದೇ ದಿನ. ಕಥೆಯಲ್ಲಿ ಹೀಗೆ ಬರೆದರೆ ಯಾರೂ ನಂಬಲ್ಲ, ಅಲ್ವಾ?

ಆ ಚೌಕದಲ್ಲಿ ಮಾತಾಡಿದವರಲ್ಲಿ 26 ವರ್ಷದ ಗಡ್ಡದ ಹುಡುಗನೊಬ್ಬನಿದ್ದ. ಸೋವಿಯತ್ ಸೈನ್ಯ ದೇಶ ಬಿಟ್ಟು ಹೋಗಬೇಕು ಎಂದು ಎಲ್ಲರೆದುರು ಹೇಳಿ ರಾತ್ರೋರಾತ್ರಿ ಹೆಸರಾದ. ಅವರೇ ಮುಂದೆ ಪ್ರಧಾನಿಯಾದ ವಿಕ್ಟರ್ ಓರ್ಬಾನ್. ಸಂಸತ್ತಿನ ಹತ್ತಿರ ಒಂದು ಪುಟ್ಟ ಸೇತುವೆಯ ಮೇಲೆ ನಿಂತು ಆ ಕಟ್ಟಡದ ಕಡೆ ನೋಡುವ ಹಾಗೆ ನಾಜ್ ಪ್ರತಿಮೆಯೊಂದಿತ್ತು. 2018ರ ಡಿಸೆಂಬರ್‌ನಲ್ಲಿ ಅದನ್ನು ಕಿತ್ತು ಬೇರೆ ಚೌಕಕ್ಕೆ ಸಾಗಿಸಿದರು. ಆಗ ಅಧಿಕಾರದಲ್ಲಿದ್ದದ್ದು ಓರ್ಬಾನ್ ಅವರ ಸರ್ಕಾರವೇ. ಅಂದರೆ ಹಂಗೇರಿಯಲ್ಲಿ ಎರಡು ಸಲ ಮಣ್ಣಾದರೂ ಒಂದು ಕಡೆ ನೆಮ್ಮದಿಯಾಗಿ ನಿಲ್ಲುತ್ತೀರಿ ಅನ್ನೋ ಗ್ಯಾರಂಟಿ ಇಲ್ಲ.

ಈ ಅಭ್ಯಾಸ ಹಳೆಯದು. 1848ರ ಕ್ರಾಂತಿಯ ನಾಯಕ ಲಾಯೋಶ್ ಕೊಶೂತ್ ದೇಶ ಬಿಟ್ಟು ಓಡಬೇಕಾಯಿತು. 1894ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ತೀರಿಕೊಂಡ ಮೇಲೆ ಬುಡಾಪೆಸ್ಟ್‌ಗೆ ತಂದು ಭಾರಿ ಮೆರವಣಿಗೆ ಮಾಡಿದರು. ಅದಕ್ಕೂ ಹಿಂದಿನ ಬಂಡಾಯಗಾರ ರಾಜಕುಮಾರ ರಾಕೋತ್ಸಿ 1735ರಲ್ಲಿ ಟರ್ಕಿಯಲ್ಲಿ ಸತ್ತರು. 1906ರಲ್ಲಿ ಅವರ ಮೂಳೆಗಳನ್ನು ತಂದು ಕಾಶ್ಶಾ ಎಂಬ ಊರಿನಲ್ಲಿಟ್ಟರು. ಮೊದಲ ಮಹಾಯುದ್ಧದ ನಂತರ ಆ ಊರೇ ಬೇರೆ ದೇಶಕ್ಕೆ ಹೋಯಿತು. ಈಗ ಅದು ಸ್ಲೊವಾಕಿಯಾದಲ್ಲಿದೆ. ಪಾಪ, ರಾಕೋತ್ಸಿ ಮತ್ತೆ ಪರದೇಶದವರಾದರು.

ಈಗ ಸಂಗೀತಕ್ಕೆ ಬರೋಣ. ಬೇಲಾ ಬಾರ್ತೋಕ್. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವ ಮನುಷ್ಯ ಇವರೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾರ್ತೋಕ್ 1881ರಲ್ಲಿ ಹುಟ್ಟಿದರು. ಬುಡಾಪೆಸ್ಟ್‌ನಲ್ಲಿ ಕಲಿತ ಒಳ್ಳೆಯ ಪಿಯಾನೊ ವಾದಕ, ಸಂಗೀತ ಕೃತಿಗಳನ್ನು ಬರೆಯುವವರು. 1904ರಲ್ಲಿ ಒಂದು ಹಳ್ಳಿಯಲ್ಲಿ ಉಳಿದಿದ್ದಾಗ ಪಕ್ಕದ ಕೋಣೆಯಿಂದ ಹಾಡು ಕೇಳಿತು. ಮಗು ನೋಡಿಕೊಳ್ಳಲು ಬಂದಿದ್ದ ಲಿದಿ ದೋಶಾ ಎಂಬ ಹುಡುಗಿ ಹಾಡುತ್ತಿದ್ದಳು. ಟ್ರಾನ್ಸಿಲ್ವೇನಿಯಾ ಕಡೆಯವಳು. ಪೇಟೆಯಲ್ಲಿ ಹಂಗೇರಿಯನ್ ಸಂಗೀತ ಅಂತ ಹೋಟೆಲುಗಳಲ್ಲಿ ನುಡಿಸುತ್ತಿದ್ದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಾರ್ತೋಕ್ ಕೂತು ಬರೆದುಕೊಂಡರು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಗೆಳೆಯ ಜೋಲ್ತಾನ್ ಕೊದಾಯ್ ಜೊತೆ ಹಳ್ಳಿ ಹಳ್ಳಿ ತಿರುಗಿದರು. ಹೆಗಲ ಮೇಲೆ ಹಾಡು ಮುದ್ರಿಸಿಕೊಳ್ಳುವ ಎಡಿಸನ್ ಫೋನೋಗ್ರಾಫ್ ಯಂತ್ರ, ಚೀಲದಲ್ಲಿ ಮೇಣದ ಸಿಲಿಂಡರುಗಳು. ಅಜ್ಜಿಯರು ಆ ಕೊಳವೆಯೊಳಗೆ ಹಾಡಬೇಕು. ಯಾರೋ ಪೇಟೆಯ ಹುಡುಗ ಬಂದು ಹಾಡು ಅಂದರೆ ಸುಮ್ನೆ ಹಾಡುತ್ತಾರಾ? ಗಂಟೆಗಟ್ಟಲೆ ಪುಸಲಾಯಿಸಬೇಕಿತ್ತು.

ಅವರು ಬರೀ ಹಂಗೇರಿಯನ್ ಹಾಡುಗಳನ್ನಷ್ಟೇ ಹುಡುಕಲಿಲ್ಲ. ರೊಮೇನಿಯನ್, ಸ್ಲೊವಾಕ್ ಹಾಡುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದರು. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾಕ್ಕೆ, 1936ರಲ್ಲಿ ಟರ್ಕಿಗೆ ಹೋದರು. ಪಕ್ಕದ ದೇಶಗಳ ಜೊತೆ ಗಡಿ ಜಗಳ ಕುದಿಯುತ್ತಿದ್ದ ಕಾಲದಲ್ಲಿ ರೊಮೇನಿಯನ್ನರ ಹಾಡು ಸಂಗ್ರಹಿಸುತ್ತೇನೆ ಅಂದರೆ ಸ್ವಂತ ಊರಿನವರೇ ದೇಶದ್ರೋಹಿ ಅಂದರು. ಹಾಡುಗಳು ಒಂದು ಹಳ್ಳಿಯಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತವೆ, ಹಾಗೆ ಬೆರೆತಾಗಲೇ ಬೆಳೆಯುತ್ತವೆ ಎನ್ನುವುದು ಅವರು ಮೇಣದ ಸಿಲಿಂಡರುಗಳಿಂದ ಕಂಡುಕೊಂಡ ವಿಷಯ.

ಹಿಟ್ಲರ್ ಬಂದ ಮೇಲೆ ಬಾರ್ತೋಕ್ ಜರ್ಮನಿಯಲ್ಲಿ ನುಡಿಸುವುದನ್ನು ಬಿಟ್ಟರು. ಹಂಗೇರಿಯೂ ಆ ಕಡೆಗೇ ವಾಲುತ್ತಿತ್ತು. ತಾಯಿ ಬದುಕಿರುವವರೆಗೂ ಊರು ಬಿಡಲು ಮನಸ್ಸು ಬರಲಿಲ್ಲ. 1939ರ ಕೊನೆಗೆ ತಾಯಿ ತೀರಿಕೊಂಡರು. 1940ರ ಅಕ್ಟೋಬರ್‌ನಲ್ಲಿ ಹೆಂಡತಿ ದಿತ್ತಾ ಜೊತೆ ಅಮೆರಿಕಕ್ಕೆ ಹೊರಟರು. ಹೊರಡುವ ಮುಂಚೆ ಒಂದು ಉಯಿಲು ಬರೆದರು. ಆಗ ಬುಡಾಪೆಸ್ಟ್‌ನ ಎರಡು ದೊಡ್ಡ ಚೌಕಗಳಿಗೆ ಮುಸೊಲಿನಿ ಮತ್ತು ಹಿಟ್ಲರ್ ಹೆಸರಿಟ್ಟಿದ್ದರು. ಆ ಇಬ್ಬರ ಹೆಸರಿನಲ್ಲಿ ಹಂಗೇರಿಯಲ್ಲಿ ಬೀದಿಯೋ ಚೌಕವೋ ಇರುವವರೆಗೆ ನನ್ನ ಹೆಸರನ್ನು ಯಾವ ಬೀದಿಗೂ ಇಡಬೇಡಿ ಎನ್ನುವುದು ಉಯಿಲಿನಲ್ಲಿದ್ದ ಮಾತು. ಅಂದಿನ ಹಿಟ್ಲರ್ ಚೌಕಕ್ಕೆ ಈಗ ಗೆಳೆಯ ಕೊದಾಯ್ ಅವರ ಹೆಸರಿದೆ. ಕೊದಾಯ್ ಅವರ ಮನೆ ಅದೇ ಚೌಕದಲ್ಲಿತ್ತು. ಬಾರ್ತೋಕ್ ಹೆಸರಿನ ಉದ್ದನೆಯ ರಸ್ತೆ ನದಿಯಾಚೆ ಬುಡಾದಲ್ಲಿದೆ.

ಅಮೆರಿಕದ ದಿನಗಳು ಕಷ್ಟದವು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸರ್ಬೊ-ಕ್ರೊಯೇಷಿಯನ್ ಹಾಡುಗಳನ್ನು ಕೇಳಿ ಬರೆದಿಡುವ ಕೆಲಸ. ಸಂಗೀತ ಕಛೇರಿಗಳು ಕಡಿಮೆ, ಆರೋಗ್ಯ ಕೆಡುತ್ತಿತ್ತು. ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ದಾನ ಅಂತ ಯಾರು ಏನು ಕೊಟ್ಟರೂ ತೆಗೆದುಕೊಳ್ಳದ ಸ್ವಾಭಿಮಾನಿ. 1943ರಲ್ಲಿ ಬಾಸ್ಟನ್ ಆರ್ಕೆಸ್ಟ್ರಾವನ್ನು ಮುನ್ನಡೆಸುತ್ತಿದ್ದ ಕಂಡಕ್ಟರ್ ಕುಸೆವಿಟ್ಸ್ಕಿ ಆಸ್ಪತ್ರೆಗೇ ಬಂದು ಹೊಸ ಕೃತಿ ಬರೆದುಕೊಡಿ ಅಂತ ಕೇಳಿದರು. ಇದರ ಹಿಂದೆ ಇದ್ದವರು ಇಬ್ಬರು ಹಂಗೇರಿಯನ್ನರು, ಪಿಟೀಲು ವಾದಕ ಸಿಗೆತಿ ಮತ್ತು ಕಂಡಕ್ಟರ್ ರೈನರ್. ಬಾರ್ತೋಕ್‌ಗೆ ಅದು ತಿಳಿಯದಂತೆ ನೋಡಿಕೊಂಡರು. ಹಾಗೆ ಹುಟ್ಟಿದ್ದು 'ಕನ್ಸರ್ಟೊ ಫಾರ್ ಆರ್ಕೆಸ್ಟ್ರಾ'. ಇವತ್ತು ಜಗತ್ತಿನ ಆರ್ಕೆಸ್ಟ್ರಾಗಳೆಲ್ಲ ಆಸೆಪಟ್ಟು ನುಡಿಸುವ ಕೃತಿ. ಸಾಯುವ ಹೊತ್ತಿನಲ್ಲಿರುವ ಮನುಷ್ಯ ಇಷ್ಟು ಲವಲವಿಕೆಯ ಸಂಗೀತ ಬರೆದದ್ದು ಹೇಗೆ ಅಂತ ಪ್ರತಿ ಸಲ ಕೇಳಿದಾಗಲೂ ಅನ್ನಿಸುತ್ತದೆ. 1945ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು.

1988ರಲ್ಲಿ ಅವರ ದೇಹವನ್ನು ಹಡಗಿನಲ್ಲಿ ಯುರೋಪಿಗೆ ತಂದು, ದಾರಿಯುದ್ದಕ್ಕೂ ಗೌರವ ಕೊಡುತ್ತಾ ಬುಡಾಪೆಸ್ಟ್‌ನ ಫರ್ಕಶ್ರೇತಿ ಸ್ಮಶಾನಕ್ಕೆ ಒಯ್ದರು. ಹತ್ತು ವರ್ಷದ ನಂತರ ಪಕ್ಕದಲ್ಲೇ ಅವರ ಶಿಷ್ಯ ಜಾರ್ಜ್ ಶೋಲ್ತಿಯವರ ಚಿತಾಭಸ್ಮ ಸೇರಿತು. ಯಹೂದಿ ಎಂಬ ಕಾರಣಕ್ಕೆ ಯುದ್ಧದ ಮುಂಚೆ ಊರು ಬಿಡಬೇಕಾಗಿ ಬಂದ ಹುಡುಗ. ಶಿಕಾಗೊ ಆರ್ಕೆಸ್ಟ್ರಾವನ್ನು ಜಗತ್ತಿನ ಮೇಲ್ಪಂಕ್ತಿಗೆ ತಂದು, 31 ಗ್ರ್ಯಾಮಿ ಗೆದ್ದವರು. ಗುರುವಿನ ಪಕ್ಕ ಜಾಗ ಸಾಕು ಅಂದರು.

ಸರಿ, ಫುಟ್ಬಾಲ್. ಇಲ್ಲಿ ಕೂತ ಹಿರಿಯರಿಗೆ ಫೆರೆಂತ್ಸ್ ಪುಷ್ಕಾಶ್ ಹೆಸರು ಹೇಳಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಹೇಳುತ್ತೇನೆ. ವರ್ಷದ ಅತಿ ಚಂದದ ಗೋಲಿಗೆ ಫಿಫಾ ಪ್ರಶಸ್ತಿ ಕೊಡುತ್ತದಲ್ಲ, ಅದು ಇವರ ಹೆಸರಿನದು.

1953ರ ನವೆಂಬರ್ 25, ಲಂಡನ್‌ನ ವೆಂಬ್ಲಿ. ಯುರೋಪಿನ ಮುಖ್ಯಭೂಮಿಯ ಯಾವ ತಂಡಕ್ಕೂ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತಿರಲಿಲ್ಲ. ಹಂಗೇರಿ 6–3ರಿಂದ ಗೆದ್ದಿತು. ಹಿದೆಗ್ಕುತಿ ಮೂರು ಗೋಲು ಹೊಡೆದರು. ಒಂಬತ್ತನೇ ನಂಬರಿನ ಅಂಗಿ ತೊಟ್ಟು ಗೋಲಿನ ಮುಂದೆ ನಿಲ್ಲಬೇಕಾದವರು ಹಿಂದಕ್ಕೆ ಸರಿದು ಆಡುತ್ತಿದ್ದರು. ಅವರ ಹಿಂದೆ ಓಡಬೇಕೋ ತಮ್ಮ ಜಾಗದಲ್ಲೇ ನಿಲ್ಲಬೇಕೋ ಅಂತ ಇಂಗ್ಲಿಷ್ ಡಿಫೆಂಡರುಗಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಪುಷ್ಕಾಶ್ ಹೊಡೆದ ಒಂದು ಗೋಲಂತೂ ಇವತ್ತಿಗೂ ಓಡುವ ವಿಡಿಯೊ. ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್ ಜಾರಿಕೊಂಡು ಬರುತ್ತಾರೆ, ಪುಷ್ಕಾಶ್ ಎಡಗಾಲಿನ ತಳದಿಂದ ಚೆಂಡನ್ನು ಹಿಂದಕ್ಕೆಳೆದು ಅದೇ ಕಾಲಲ್ಲಿ ಒಳಗೆ ಹೊಡೆಯುತ್ತಾರೆ. ಆರು ತಿಂಗಳ ನಂತರ ಬುಡಾಪೆಸ್ಟ್‌ನಲ್ಲಿ ಸೇಡು ತೀರಿಸಿಕೊಳ್ಳಲು ಬಂದ ಇಂಗ್ಲೆಂಡ್ 7–1ರಿಂದ ಸೋತಿತು.

1954ರ ವಿಶ್ವಕಪ್‌ನ ಗುಂಪು ಹಂತದಲ್ಲಿ ಪಶ್ಚಿಮ ಜರ್ಮನಿಯನ್ನು 8–3ರಿಂದ ಬಡಿದಿದ್ದ ಹಂಗೇರಿ ಫೈನಲ್‌ನಲ್ಲಿ ಅದೇ ತಂಡಕ್ಕೆ 3–2ರಿಂದ ಸೋತಿತು. ಬರ್ನ್‌ನಲ್ಲಿ ಅವತ್ತು ಮಳೆ. ಎಂಟು ನಿಮಿಷದಲ್ಲಿ 2–0 ಮುಂದಿದ್ದರು. ಕೊನೆಯಲ್ಲಿ ಪುಷ್ಕಾಶ್ ಹೊಡೆದ ಗೋಲನ್ನು ಆಫ್‌ಸೈಡ್ ಅಂದರು. ನಾಲ್ಕು ವರ್ಷ ಸೋಲೇ ಕಾಣದ ತಂಡ ಸೋತದ್ದು ಆ ಒಂದು ಪಂದ್ಯ. ಬುಡಾಪೆಸ್ಟ್‌ನ ಬೀದಿಗಳಲ್ಲಿ ಜನ ಗಲಾಟೆ ಎಬ್ಬಿಸಿದರು. ಎರಡು ವರ್ಷದ ನಂತರ ಎದ್ದ ಬಂಡಾಯಕ್ಕೆ ಇದೇ ಮೊದಲ ಕಿಡಿ ಅನ್ನುವವರೂ ಇದ್ದಾರೆ. ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ.

1956ರಲ್ಲಿ ಬಂಡಾಯ ಮುರಿದಾಗ ಪುಷ್ಕಾಶ್ ಆಡುತ್ತಿದ್ದ ಹೊನ್ವೇದ್ ತಂಡ ಹೊರದೇಶದಲ್ಲಿತ್ತು. ಅದು ಸೇನೆಯ ತಂಡ, ಪುಷ್ಕಾಶ್‌ಗೆ ಮೇಜರ್ ಎಂಬ ಬಿರುದು. ಸ್ಪೇನಿನ ಬಿಲ್ಬಾವೊ ತಂಡದೊಡನೆ ಆಡಿದರು, ವಾಪಸ್ ಬನ್ನಿ ಅಂದರೂ ಕೇಳದೆ ದಕ್ಷಿಣ ಅಮೆರಿಕಕ್ಕೆ ಹೋದರು. ಪುಷ್ಕಾಶ್, ಕೋಚಿಶ್, ತ್ಸಿಬೋರ್ ಮೂವರೂ ಊರಿಗೆ ಮರಳಲಿಲ್ಲ. ಹಂಗೇರಿಯ ದೂರಿನ ಮೇಲೆ ಆಟದಿಂದ ನಿಷೇಧ ಬಿತ್ತು. ಆಡದೆ ಕೂತ ಮೇಜರ್‌ಗೆ ಹೊಟ್ಟೆ ಬಂತು. 31ನೇ ವಯಸ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ಕರೆದಾಗ ಜನ ನಕ್ಕರು. 1960ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಮ್ಯಾಡ್ರಿಡ್ 7–3ರಿಂದ ಗೆದ್ದಾಗ ನಾಲ್ಕು ಗೋಲು ಪುಷ್ಕಾಶ್ ಅವರವು. ಉಳಿದ ಮೂರು ಡಿ ಸ್ಟೆಫಾನೊ ಅವರವು. ನಗು ನಿಂತಿತು.

ಅವರು ಮತ್ತೆ ಬುಡಾಪೆಸ್ಟ್ ಮಣ್ಣು ಮೆಟ್ಟಿದ್ದು 1981ರಲ್ಲಿ. ಆಡಳಿತ ಬದಲಾದ ಮೇಲೆ ಊರಿಗೇ ಬಂದು ನೆಲೆಸಿದರು. 2002ರಲ್ಲಿ, ಅವರು ಬದುಕಿರುವಾಗಲೇ, ರಾಷ್ಟ್ರೀಯ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಆ ಹೊತ್ತಿಗೆ ಮರೆವಿನ ಕಾಯಿಲೆ ಹಿಡಿದಿತ್ತು. 2006ರ ನವೆಂಬರ್‌ನಲ್ಲಿ ತೀರಿಕೊಂಡಾಗ ಸಂತ ಸ್ಟೀಫನ್ ಬೆಸಿಲಿಕಾ ಚರ್ಚಿನ ನೆಲಮಾಳಿಗೆಯಲ್ಲಿ ಸಮಾಧಿ ಮಾಡಿದರು. ಆ ಚರ್ಚಿನಲ್ಲಿ ಹಂಗೇರಿಯ ಮೊದಲ ರಾಜ ಸ್ಟೀಫನ್ನನ ಬಲಗೈಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಾರೆ. ಈಗ ಕೆಳಗೆ ದೇಶದ ಹೆಸರಾಂತ ಎಡಗಾಲೂ ಇದೆ.

1956 ಅಂದಾಗ ಮೆಲ್ಬರ್ನ್ ಒಲಿಂಪಿಕ್ಸ್ ಬಿಡುವ ಹಾಗಿಲ್ಲ. ನಮಗೂ ಒಂದು ಸಣ್ಣ ನಂಟಿದೆ. ಫುಟ್ಬಾಲ್‌ನಲ್ಲಿ ಹಂಗೇರಿ ಹಿಂದೆ ಸರಿದದ್ದರಿಂದ ಭಾರತಕ್ಕೆ ಮೊದಲ ಸುತ್ತು ಆಡದೆ ದಾಟಲು ಸಿಕ್ಕಿತು. ಮುಂದೆ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋದರು, ಕೊನೆಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು. ಭಾರತ ಒಲಿಂಪಿಕ್ ಫುಟ್ಬಾಲ್‌ನಲ್ಲಿ ಅಷ್ಟು ಮೇಲೆ ಹೋದದ್ದು ಅದೊಂದೇ ಸಲ.

ಅದೇ ಕೂಟದಲ್ಲಿ ಹಂಗೇರಿ ಮತ್ತು ಸೋವಿಯತ್ ವಾಟರ್ ಪೋಲೊ ತಂಡಗಳು ಎದುರಾದವು. ಕೊಳದೊಳಗೆ ಒದೆ, ಗುದ್ದು, ಬೈಗುಳ. ಹಂಗೇರಿ 4–0 ಮುಂದಿದ್ದಾಗ ಎರ್ವಿನ್ ಜಾದೋರ್ ಮುಖಕ್ಕೆ ಗುದ್ದು ಬಿದ್ದು ಕಣ್ಣಿನ ಕೆಳಗೆ ಒಡೆಯಿತು. ಪ್ರೇಕ್ಷಕರು ಕೊಳದ ಅಂಚಿಗೆ ನುಗ್ಗಿದರು, ಪಂದ್ಯ ಅಲ್ಲಿಗೇ ನಿಂತಿತು. ಚಿನ್ನವೂ ಹಂಗೇರಿಗೇ ಬಂತು. ಜಾದೋರ್ ಊರಿಗೆ ಹೋಗಲಿಲ್ಲ. ಅಮೆರಿಕದಲ್ಲಿ ಈಜು ಕಲಿಸುತ್ತಾ ಉಳಿದರು. ಅವರ ಹತ್ತಿರ ಕಲಿತ ಮಕ್ಕಳಲ್ಲಿ ಒಬ್ಬ ಮಾರ್ಕ್ ಸ್ಪಿಟ್ಜ್. 1972ರಲ್ಲಿ ಏಳು ಚಿನ್ನ ಗೆದ್ದನಲ್ಲ, ಅವನೇ.

ಆಗ್ನೆಶ್ ಕೆಲೆತಿ ಕೂಡ ಮೆಲ್ಬರ್ನ್‌ನಿಂದ ಊರಿಗೆ ಮರಳಲಿಲ್ಲ. 1921ರಲ್ಲಿ ಹುಟ್ಟಿದ ಯಹೂದಿ ಹುಡುಗಿ, ಜಿಮ್ನಾಸ್ಟ್. ಆಡಬೇಕಿದ್ದ 1940, 1944ರ ಒಲಿಂಪಿಕ್ಸ್ ಯುದ್ಧದಿಂದ ನಡೆಯಲೇ ಇಲ್ಲ. ಒಬ್ಬ ಕ್ರಿಶ್ಚಿಯನ್ ಹುಡುಗಿಯ ಗುರುತು ಪತ್ರ ಕೊಂಡು, ಆ ಹೆಸರಿನಲ್ಲಿ ಹಳ್ಳಿಯಲ್ಲಿ ಮನೆಗೆಲಸ ಮಾಡುತ್ತಾ ಜೀವ ಉಳಿಸಿಕೊಂಡರು. ತಂದೆ ಹಿಟ್ಲರನ ಆಶ್‌ವಿಟ್ಸ್ ಸಾವಿನ ಶಿಬಿರದಲ್ಲಿ ಸತ್ತರು. 1948ರ ಒಲಿಂಪಿಕ್ಸ್ ಗಾಯದಿಂದ ತಪ್ಪಿತು. ಮೊದಲ ಚಿನ್ನ ಬಂದದ್ದು 1952ರಲ್ಲಿ, 31ನೇ ವಯಸ್ಸಿಗೆ. ಮೆಲ್ಬರ್ನ್‌ನಲ್ಲಿ 35ರ ವಯಸ್ಸಿಗೆ ನಾಲ್ಕು ಚಿನ್ನ, ಎರಡು ಬೆಳ್ಳಿ. ಈಗಿನ ಜಿಮ್ನಾಸ್ಟ್‌ಗಳು ಆ ವಯಸ್ಸಿಗೆ ತರಬೇತುದಾರರಾಗಿ ಹಳಬರಾಗಿರುತ್ತಾರೆ. ಅಲ್ಲಿಂದ ಇಸ್ರೇಲ್‌ಗೆ ಹೋಗಿ ಅಲ್ಲಿನ ಜಿಮ್ನಾಸ್ಟಿಕ್ಸ್ ಕಟ್ಟಿ ಬೆಳೆಸಿದರು. 2015ರಲ್ಲಿ, 94ನೇ ವಯಸ್ಸಿನಲ್ಲಿ, ಬುಡಾಪೆಸ್ಟ್‌ಗೆ ವಾಪಸ್ ಬಂದರು. ತಾವೇ ನಡೆದು ಬಂದರು, ಯಾರೂ ಹೊತ್ತು ತರಬೇಕಾಗಲಿಲ್ಲ. 2025ರ ಜನವರಿ 2ರಂದು 103ನೇ ವಯಸ್ಸಿಗೆ ತೀರಿಕೊಂಡಾಗ ಬದುಕಿದ್ದ ಒಲಿಂಪಿಕ್ ಚಾಂಪಿಯನ್ನರಲ್ಲಿ ಅವರೇ ಎಲ್ಲರಿಗಿಂತ ಹಿರಿಯರು.

ಕಾತಲಿನ್ ಕಾರಿಕೊ ಕಥೆ ನಿಮಗೆ ಕೋವಿಡ್ ಕಾಲದಲ್ಲಿ ಗೊತ್ತಾಗಿರುತ್ತದೆ. ಚಿಕ್ಕ ಊರಿನ ಕಟುಕರ ಮಗಳು. 1985ರಲ್ಲಿ ಸೆಗೆದ್ ಪಟ್ಟಣದ ಸಂಶೋಧನಾಲಯದಲ್ಲಿ ಹಣ ನಿಂತು ಕೆಲಸ ಹೋಯಿತು. ಕಾರು ಮಾರಿದರು. ಆಗ ದೇಶದಿಂದ ಹಣ ಹೊರಗೆ ಒಯ್ಯುವ ಹಾಗಿರಲಿಲ್ಲ. 900 ಪೌಂಡನ್ನು ಎರಡು ವರ್ಷದ ಮಗಳ ಗೊಂಬೆ ಕರಡಿಯೊಳಗಿಟ್ಟು ಹೊಲಿದು ಅಮೆರಿಕದ ವಿಮಾನ ಹತ್ತಿದರು. ಮುಂದೆ ಕೋವಿಡ್ ಲಸಿಕೆಗೆ ದಾರಿಯಾದ ಎಂಆರ್‌ಎನ್‌ಎ ಬಗ್ಗೆ ದಶಕಗಟ್ಟಲೆ ಯಾರೂ ಕೇಳದ ಕೆಲಸ ಮಾಡಿದರು. 2023ರಲ್ಲಿ ನೊಬೆಲ್ ಬಂತು. ಇದನ್ನು ಕ್ರೀಡೆಯ ಮಧ್ಯೆ ಯಾಕೆ ಹೇಳಿದೆ ಅಂದರೆ, ಕರಡಿ ಹಿಡಿದುಕೊಂಡು ಹೋದ ಆ ಮಗಳು ಸುಸಾನ್ 2008 ಮತ್ತು 2012ರಲ್ಲಿ ಅಮೆರಿಕಕ್ಕೆ ರೋಯಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ತಂದಳು. ತುಂಬಾ ವರ್ಷ ಅಮ್ಮನನ್ನು ಜನ ಗುರುತಿಸುತ್ತಿದ್ದದ್ದು ಸುಸಾನ್ ತಾಯಿ ಅಂತಲೇ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಎಲ್ಲರೂ ಬಿಟ್ಟು ಹೋದವರೇ ಆದ್ರಲ್ಲ ಸಾರ್, ಊರಲ್ಲೇ ಉಳಿದವರು ಯಾರೂ ಇಲ್ವಾ?" ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲೂ ಸೇರಿಸುತ್ತೇನೆ.

ಇದ್ದಾರೆ. ಉಳಿಯುವುದಕ್ಕೂ ಬೆಲೆ ತೆರಬೇಕಿತ್ತು ಅಷ್ಟೆ. ಬಾಕ್ಸರ್ ಲಾಸ್ಲೊ ಪಾಪ್ 1948, 1952, 1956ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ಮೊದಲ ಬಾಕ್ಸರ್. ಮೆಲ್ಬರ್ನ್‌ನಿಂದ ಊರಿಗೆ ವಾಪಸ್ ಬಂದರು. ಆಮೇಲೆ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದರು. ದೇಶದೊಳಗೆ ಅದಕ್ಕೆ ಅವಕಾಶ ಇಲ್ಲದ್ದರಿಂದ ವಿಯೆನ್ನಾದಲ್ಲಿ ಅಭ್ಯಾಸ. ಯುರೋಪಿನ ಚಾಂಪಿಯನ್ ಆದರು, ಒಂದು ಪಂದ್ಯವನ್ನೂ ಸೋಲಲಿಲ್ಲ. ವಿಶ್ವ ಪಟ್ಟ ಕೈಗೆಟುಕುವ ಹೊತ್ತಿಗೆ, 1965ರಲ್ಲಿ, ದುಡ್ಡಿಗಾಗಿ ಆಡುವುದು ಸಮಾಜವಾದಕ್ಕೆ ಒಪ್ಪುವುದಿಲ್ಲ ಅಂತ ಸರ್ಕಾರ ಅನುಮತಿ ಹಿಂದೆ ತೆಗೆದುಕೊಂಡಿತು. ಎಂಟು ವರ್ಷ ಬಿಟ್ಟು ಕೊನೆಗೆ ನೆನಪಾಯಿತು ನೋಡಿ, ಸಮಾಜವಾದ!

ಕೊದಾಯ್ ಉಳಿದರು. ಶಾಲೆಗಳಲ್ಲಿ ಪ್ರತಿ ಮಗುವೂ ಹಾಡುತ್ತಲೇ ಸಂಗೀತ ಕಲಿಯಬೇಕು ಎಂದು ಹಟ ಹಿಡಿದು ಅದನ್ನು ಮಾಡಿಸಿದರು. 1974ರಲ್ಲಿ ಬಣ್ಣದ ಕ್ಯೂಬ್ ಮಾಡಿದ ಎರ್ನೊ ರೂಬಿಕ್ ಬುಡಾಪೆಸ್ಟ್‌ನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಉಳಿದದ್ದೂ ಅಲ್ಲೇ.

ಮತ್ತೆ ಯೂದಿತ್ ಪೋಲ್ಗಾರ್. ತಂದೆ ತಾಯಿ ಮೂರು ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಚೆಸ್ ಕಲಿಸಿದರು. ಅಧಿಕಾರಿಗಳು ಕಾಡಿದರು, ಜಗ್ಗಲಿಲ್ಲ. ಅಕ್ಕಂದಿರು ಹೊರದೇಶಕ್ಕೆ ಹೋದರೂ ಕಿರಿಯವಳಾದ ಯೂದಿತ್ ಬುಡಾಪೆಸ್ಟ್ ಬಿಡಲಿಲ್ಲ. ಬೋರಿಸ್ ಸ್ಪಾಸ್ಕಿ, ಕಾಸ್ಪರೋವ್, ನಮ್ಮ ವಿಶ್ವನಾಥನ್ ಆನಂದ್, ಎಲ್ಲರನ್ನೂ ಒಂದಲ್ಲ ಒಂದು ಪಂದ್ಯದಲ್ಲಿ ಸೋಲಿಸಿದ್ದಾರೆ. ವಿಶ್ವದ ಎಂಟನೇ ರ‍್ಯಾಂಕ್‌ವರೆಗೆ ಏರಿದರು. ಬೇರೆ ಯಾವ ಹೆಣ್ಣುಮಗಳೂ ಆ ಎತ್ತರದ ಹತ್ತಿರಕ್ಕೆ ಬಂದಿಲ್ಲ.

ಆ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದರು: "ಹಾಗಾದ್ರೆ ಈಗ ಅಲ್ಲಿ ಚೆಸ್ ಹೆಂಗಿದೆ?" 2024ರ ಸೆಪ್ಟೆಂಬರ್‌ನಲ್ಲಿ ಚೆಸ್ ಒಲಿಂಪಿಯಾಡ್ ಬುಡಾಪೆಸ್ಟ್‌ನಲ್ಲೇ ನಡೆಯಿತು. ಮುಕ್ತ ವಿಭಾಗ, ಮಹಿಳಾ ವಿಭಾಗ ಎರಡರ ಚಿನ್ನವನ್ನೂ ನಮ್ಮ ಹುಡುಗ ಹುಡುಗಿಯರು ಎತ್ತಿಕೊಂಡು ಬಂದರು. ಅದಕ್ಕೆ ಸಭೆಯಲ್ಲಿ ಆ ದಿನದ ದೊಡ್ಡ ಚಪ್ಪಾಳೆ ಬಿತ್ತು, ಬಾರ್ತೋಕ್‌ಗೆ ಬಿದ್ದದ್ದಕ್ಕಿಂತ ಎಷ್ಟೋ ಜಾಸ್ತಿ.